ನೋಡೋದಕ್ಕೂ ಟೈಮ್ ಬೇಕು: ಹರ್ಮನ್ ಹೆಲ್ಮ್‌ಹೋಲ್ಟ್ಸ್

ಥರ್ಮೋಡೈನಮಿಕ್ಸ್ ಓದಿದವರಿಗೆ ಹೆಲ್ಮ್‌ಹೋಲ್ಟ್ಸ್ ಫ್ರೀ ಎನರ್ಜಿ ಗೊತ್ತು. ಫಿಸಿಕ್ಸ್ ಲ್ಯಾಬ್‌ನಲ್ಲಿ ಹೆಲ್ಮ್‌ಹೋಲ್ಟ್ಸ್ ಕಾಯಿಲ್ ನೋಡಿದವರೂ ಇದ್ದಾರೆ. ಆದರೆ ಈ ಹೆಸರಿನ ಮನುಷ್ಯ ಕಾಲೇಜಿನಲ್ಲಿ ಓದಿದ್ದು ಫಿಸಿಕ್ಸ್ ಅಲ್ಲ, ಮೆಡಿಕಲ್ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಇವತ್ತು ಜನರನ್ನು ಎಂಆರ್‌ಐ ಸ್ಕ್ಯಾನರ್ ಒಳಗೆ ಮಲಗಿಸಿ, ಕಾಡು, ಬೀದಿ, ಕಡಲತೀರದ ಫೋಟೋ ತೋರಿಸಿ, ಮಿದುಳು ಅದನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತೆ ಅಂತ ಪರೀಕ್ಷೆ ಮಾಡ್ತಾರಲ್ಲ, ಆ ಪ್ರಶ್ನೆಯ ಬೇರು ಹುಡುಕುತ್ತಾ ಹೋದರೆ ಇವರ ಹತ್ತಿರ ಬಂದು ನಿಲ್ಲುತ್ತೇವೆ.

ಹೆಲ್ಮ್‌ಹೋಲ್ಟ್ಸ್ ಹುಟ್ಟಿದ್ದು 1821ರ ಆಗಸ್ಟ್ 31ರಂದು, ಬರ್ಲಿನ್ ಪಕ್ಕದ ಪಾಟ್ಸ್‌ಡ್ಯಾಮ್ ಊರಿನಲ್ಲಿ. ತಂದೆ ಹೈಸ್ಕೂಲ್ ಮೇಷ್ಟ್ರು. ಚಿಕ್ಕ ಹುಡುಗನಾಗಿದ್ದಾಗ ಒಂದು ದಿನ ಅಮ್ಮನ ಜೊತೆ ಗ್ಯಾರಿಸನ್ ಚರ್ಚ್ ಪಕ್ಕ ಹೋಗ್ತಿದ್ದಾಗ, ಗೋಪುರದ ಮೇಲೆ ಜನ ನಿಂತಿದ್ದರು. ಹುಡುಗನ ಕಣ್ಣಿಗೆ ಅವರು ಬೊಂಬೆಗಳ ಥರ ಕಂಡರು. ಕೈ ಚಾಚಿ ಆ ಬೊಂಬೆಗಳನ್ನು ತೆಗೆದುಕೊಡು ಅಂತ ಅಮ್ಮನನ್ನು ಕೇಳಿದ. ಆ ಹುಡುಗನ ಕಣ್ಣಿನಲ್ಲಿ ಏನೂ ದೋಷ ಇರಲಿಲ್ಲ. ದೂರದಲ್ಲಿರೋದು ಚಿಕ್ಕದಾಗಿ ಕಾಣುತ್ತೆ ಅನ್ನೋ ಪಾಠವನ್ನು ಮಿದುಳು ಇನ್ನೂ ಪೂರ್ತಿ ಕಲಿತಿರಲಿಲ್ಲ, ಅಷ್ಟೇ. ಮುಂದೆ ಈ ನೆನಪನ್ನು ಅವರು ತಮ್ಮ ದೃಷ್ಟಿಶಾಸ್ತ್ರದ ಗ್ರಂಥದಲ್ಲೇ ಬರೆದುಕೊಂಡರು.

ಅವರಿಗೆ ಆಸೆ ಇದ್ದದ್ದು ಫಿಸಿಕ್ಸ್ ಮೇಲೆ. ಮೇಷ್ಟ್ರ ಸಂಬಳದಲ್ಲಿ ಅದು ಆಗೋ ಮಾತಾಗಿರಲಿಲ್ಲ. ಬರ್ಲಿನ್ನಿನ ಸೈನ್ಯದ ಮೆಡಿಕಲ್ ಸಂಸ್ಥೆಯಲ್ಲಿ ಸರ್ಕಾರವೇ ಓದಿಸುತ್ತಿತ್ತು, ಆದರೆ ಓದಿದ ಮೇಲೆ ಎಂಟು ವರ್ಷ ಸೈನ್ಯದ ಡಾಕ್ಟರ್ ಆಗಿರಬೇಕು ಅನ್ನೋ ಷರತ್ತಿತ್ತು. 1838ರಲ್ಲಿ ಅಲ್ಲಿಗೆ ಸೇರಿದರು. ಬೇಕಾದ ಬ್ರಾಂಚ್ ಸಿಗದೆ ಸಿಕ್ಕಿದ ಬ್ರಾಂಚಿನಲ್ಲಿ ಕೂತಿರೋ ನಮ್ಮಂಥವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಅವರು ಮಾತ್ರ ಫಿಸಿಕ್ಸ್ ಬಿಡಲಿಲ್ಲ, ಅದನ್ನೇ ಮೆಡಿಕಲ್ ಒಳಗೆ ಎಳೆದು ತಂದರು. 1847ರಲ್ಲಿ, ಸೈನ್ಯದ ಕೆಲಸದಲ್ಲಿದ್ದಾಗಲೇ, ಶಕ್ತಿ ನಾಶವಾಗಲ್ಲ ಅನ್ನೋ ನಿಯಮದ ಬಗ್ಗೆ ಪ್ರಬಂಧ ಬರೆದರು. ದೊಡ್ಡ ಫಿಸಿಕ್ಸ್ ಪತ್ರಿಕೆ ಅದನ್ನು ವಾಪಸ್ ಕಳಿಸಿತು. ಅದನ್ನು ಬೇರೆಯಾಗಿ ಪುಸ್ತಿಕೆ ಮಾಡಿ ಅಚ್ಚು ಹಾಕಿಸಿದರು. ಕೊನೆಗೆ ವಿಜ್ಞಾನಿ ಹಂಬೋಲ್ಟ್ ಮಧ್ಯೆ ಬಂದಿದ್ದರಿಂದ ಸೈನ್ಯದಿಂದ ಬೇಗ ಬಿಡುಗಡೆ ಸಿಕ್ಕಿತು.

1849ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಶಾಸ್ತ್ರದ ಪ್ರೊಫೆಸರ್ ಆದರು. ಆಗ ನರದಲ್ಲಿ ಸಂದೇಶ ಹೋಗೋ ವೇಗವನ್ನು ಅಳೆಯೋಕೇ ಆಗಲ್ಲ ಅಂತ ಎಲ್ಲರೂ ನಂಬಿದ್ದರು. ಅವರ ಗುರು ಯೋಹಾನ್ನೆಸ್ ಮ್ಯೂಲರ್ ಕೂಡ ಹಾಗೇ ತಿಳಿದಿದ್ದರು. ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ಸ್ನಾಯುವನ್ನು ನರದ ಸಮೇತ ತೆಗೆದುಕೊಂಡು ಒಂದು ಸರ್ಕ್ಯೂಟ್‌ಗೆ ಜೋಡಿಸಿದರು. ನರಕ್ಕೆ ಶಾಕ್ ಕೊಟ್ಟ ಕ್ಷಣ ಕರೆಂಟ್ ಶುರು, ಸ್ನಾಯು ಸೆಳೆದ ಕ್ಷಣ ಕರೆಂಟ್ ಕಟ್. ಗ್ಯಾಲ್ವನೋಮೀಟರ್ ಮುಳ್ಳು ಎಷ್ಟು ತಿರುಗಿತು ಅನ್ನೋದರಿಂದ ಮಧ್ಯದ ಸಮಯ ಸಿಗುತ್ತೆ. ಶಾಕ್ ಅನ್ನು ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರ ಕೊಟ್ಟರೆ, ಎರಡು ಸಮಯಗಳ ವ್ಯತ್ಯಾಸದಿಂದ ವೇಗ ಗೊತ್ತಾಗುತ್ತೆ. ಪ್ರಯೋಗದ ಲೆಕ್ಕ ಬರೆದುಕೊಳ್ಳೋಕೆ ಹೆಂಡತಿ ಓಲ್ಗಾ ಜೊತೆಗಿದ್ದರು. 1850ರಲ್ಲಿ ಸಿಕ್ಕ ಉತ್ತರ ಸೆಕೆಂಡಿಗೆ ಸುಮಾರು 27 ಮೀಟರ್, ಅಂದ್ರೆ ಹೈವೇಯಲ್ಲಿ ಓಡೋ ಕಾರಿನ ಸ್ಪೀಡ್! ನೋಡಿದ್ದು, ಮುಟ್ಟಿದ್ದು ಎಲ್ಲವೂ ನಮಗೆ ಸ್ವಲ್ಪ ತಡವಾಗೇ ಗೊತ್ತಾಗುತ್ತೆ ಅಂತಾಯ್ತು.

ಆಮೇಲೆ ಬಂದದ್ದು ಜೀವಂತ ಕಣ್ಣಿನ ಒಳಗೆ ನೋಡೋ ಆಫ್ತಾಲ್ಮೋಸ್ಕೋಪ್. ಕಣ್ಣೊಳಗೆ ಇಣುಕಿದರೆ ನೋಡುವವರ ತಲೆಯೇ ಬೆಳಕಿಗೆ ಅಡ್ಡ ಬರುತ್ತೆ. ಗಾಜಿನ ತುಂಡುಗಳನ್ನು ಓರೆಯಾಗಿಟ್ಟು, ಬೆಳಕು ಪ್ರತಿಫಲಿಸಿ ಒಳಗೆ ಹೋಗೋ ಹಾಗೆ, ನಾವು ಅದೇ ಗಾಜಿನ ಮೂಲಕ ನೋಡೋ ಹಾಗೆ ಮಾಡಿದರು. ರಟ್ಟು, ಅಂಟು, ಕನ್ನಡಕದ ಲೆನ್ಸ್, ಮೈಕ್ರೋಸ್ಕೋಪಿನ ತೆಳು ಗಾಜು, ಇಷ್ಟೇ ಸಾಮಾನು. 1851ರಲ್ಲಿ ಇದು ಪ್ರಕಟವಾಯ್ತು, ಅವರ ಹೆಸರು ಎಲ್ಲ ಕಡೆ ಹಬ್ಬಿತು.

ಆದರೆ ರೆಟಿನಾದಲ್ಲಿ ಮೂಡೋದು ಒಂದು ಚಪ್ಪಟೆ ಚಿತ್ರ ಮಾತ್ರ. ಅದರಿಂದ ಆಳ, ದೂರ, ಮರ, ಮನೆ ಹೇಗೆ ಬರುತ್ತೆ? ಹಳೆಯ ಅನುಭವದ ಆಧಾರದ ಮೇಲೆ, ನಮಗೇ ತಿಳಿಯದ ಹಾಗೆ, ಮಿದುಳು ತೀರ್ಮಾನ ಮಾಡುತ್ತೆ ಅನ್ನೋದು ಅವರ ವಾದ. ಪಕ್ಕಕ್ಕೆ ಸರಿಸಿ ತೋರಿಸೋ ಪ್ರಿಸಂ ಹಾಕಿಕೊಂಡರೆ ಮೊದಲು ಕೈ ಗುರಿ ತಪ್ಪುತ್ತೆ. ಸ್ವಲ್ಪ ಹೊತ್ತಿಗೆ ಸರಿಹೋಗುತ್ತೆ. ಪ್ರಿಸಂ ತೆಗೆದರೆ ಉಲ್ಟಾ ದಿಕ್ಕಿಗೆ ತಪ್ಪುತ್ತೆ! ಕತ್ತಲೆ ಪೆಟ್ಟಿಗೆಯಲ್ಲಿ ಅಕ್ಷರಗಳನ್ನಿಟ್ಟು, ಎಲೆಕ್ಟ್ರಿಕ್ ಕಿಡಿಯ ಒಂದೇ ಕ್ಷಣದ ಬೆಳಕಿನಲ್ಲಿ ಎಷ್ಟು ಕಾಣುತ್ತೆ ಅಂತಲೂ ನೋಡಿದರು. ಕಣ್ಣು ಅಲುಗಾಡಿಸದೆ, ಗಮನವನ್ನು ಮಾತ್ರ ಮೊದಲೇ ಒಂದು ಮೂಲೆಗೆ ಕಳಿಸಿದರೆ ಆ ಮೂಲೆಯ ಅಕ್ಷರಗಳು ಓದೋಕೆ ಸಿಗ್ತಿದ್ದವು.

1859ರಲ್ಲಿ ತಂದೆಯೂ ಓಲ್ಗಾ ಕೂಡ ತೀರಿಹೋದರು. ಕೆಲಸ ನಿಲ್ಲಲಿಲ್ಲ. 1863ರಲ್ಲಿ ನಾದದ ಬಗ್ಗೆ ಬರೆದ ಪುಸ್ತಕ ಬಂತು. ನಮ್ಮ ಸಿ. ವಿ. ರಾಮನ್ ತಮ್ಮನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಅದನ್ನೂ ಸೇರಿಸಿದ್ದಾರೆ. 1871ರಲ್ಲಿ, ಐವತ್ತನೇ ವಯಸ್ಸಿಗೆ, ಬರ್ಲಿನ್ನಿನಲ್ಲಿ ಫಿಸಿಕ್ಸ್ ಪ್ರೊಫೆಸರ್ ಆದರು. ಹುಡುಗನಾಗಿದ್ದಾಗ ಸಿಗದ ಸೀಟು ಅಂತೂ ಸಿಕ್ಕಿತು! ರೇಡಿಯೋ ತರಂಗ ಕಂಡುಹಿಡಿದ ಹರ್ಟ್ಸ್ ಇವರ ಶಿಷ್ಯ. 1893ರಲ್ಲಿ ಅಮೆರಿಕದಿಂದ ವಾಪಸ್ ಬರುವಾಗ ಹಡಗಿನ ಮೆಟ್ಟಿಲಲ್ಲಿ ಬಿದ್ದರು. 1894ರ ಸೆಪ್ಟೆಂಬರ್ 8ರಂದು ತೀರಿಕೊಂಡರು.

ಅವರ ಪ್ರಶ್ನೆ ಈಗ ಸ್ಕ್ಯಾನರ್ ಒಳಗಿದೆ. 1998ರಲ್ಲಿ ಎಪ್‌ಸ್ಟೀನ್ ಮತ್ತು ಕ್ಯಾನ್‌ವಿಶರ್, ಮುಖಕ್ಕಿಂತ, ಬಿಡಿ ವಸ್ತುಗಿಂತ, ದೃಶ್ಯಗಳಿಗೆ ಹೆಚ್ಚು ಸ್ಪಂದಿಸೋ ಮಿದುಳಿನ ಒಂದು ಜಾಗ ಕಂಡುಹಿಡಿದರು. ಸಾಮಾನೇ ಇಲ್ಲದ ಖಾಲಿ ರೂಮ್ ತೋರಿಸಿದರೂ ಅದು ಎಚ್ಚರಾಗುತ್ತೆ. 2008ರಲ್ಲಿ ಬರ್ಕ್‌ಲಿಯ ಗ್ಯಾಲಂಟ್ ತಂಡ 1,750 ಫೋಟೋ ತೋರಿಸಿ ಮಿದುಳಿನ ಮಾಡೆಲ್ ಕಟ್ಟಿತು. ಆಮೇಲೆ 120 ಹೊಸ ಫೋಟೋಗಳಲ್ಲಿ ಯಾವುದನ್ನು ನೋಡ್ತಿದ್ದಾರೆ ಅಂತ ಸ್ಕ್ಯಾನ್ ನೋಡಿಯೇ ಹೇಳಿತು. ಒಬ್ಬರಿಗೆ 110 ಸರಿ, ಇನ್ನೊಬ್ಬರಿಗೆ 86. ಸುಮ್ಮನೆ ಊಹಿಸಿದ್ದರೆ ಒಂದು ಸರಿಯಾಗ್ತಿತ್ತು ಅಷ್ಟೇ.

ಆದರೆ ಎಂಆರ್‌ಐ ಅಳೆಯೋದು ರಕ್ತದ ಆಕ್ಸಿಜನ್ ಬದಲಾವಣೆಯನ್ನು, ಅದಕ್ಕೆ ಕೆಲವು ಸೆಕೆಂಡ್ ಬೇಕು. ಫೋಟೋದಲ್ಲಿ ಪ್ರಾಣಿ ಇದೆಯೋ ಇಲ್ಲವೋ ಅನ್ನೋ ವ್ಯತ್ಯಾಸ ಮಿದುಳಿನಲ್ಲಿ 150 ಮಿಲಿಸೆಕೆಂಡಿಗೇ ಕಾಣುತ್ತೆ ಅಂತ 1996ರಲ್ಲಿ ಇಇಜಿ ಪ್ರಯೋಗ ತೋರಿಸಿತ್ತು. ಎಲ್ಲಿ ಅನ್ನೋದು ಒಂದು ಮೆಷಿನ್‌ಗೆ ಚೆನ್ನಾಗಿ ಗೊತ್ತು, ಯಾವಾಗ ಅನ್ನೋದು ಇನ್ನೊಂದಕ್ಕೆ. ಎರಡನ್ನೂ ಸೇರಿಸೋ ಕೆಲಸ ಇನ್ನೂ ನಡೀತಿದೆ. ಸಿಗ್ನಲ್ ಪ್ರೊಸೆಸಿಂಗ್ ಇಷ್ಟ ಇರೋ ಗೆಳೆಯರೇ, ಇಲ್ಲಿ ನಮಗೂ ಜಾಗ ಇದೆ. ಬ್ರಾಂಚ್ ಯಾವುದಾದರೂ ಪರವಾಗಿಲ್ಲ.