ಎರಡು ಚಿನ್ನದ ಪದಕಗಳ ನಂತರ: ಅಬೆಬೆ ಬಿಕಿಲ

ಅಬೆಬೆ ಬಿಕಿಲ ಯಾರೆಂದು ಕೇಳಿದರೆ, ಓಟದಲ್ಲಿ ಆಸಕ್ತಿ ಇರುವವರೆಲ್ಲ ಒಂದೇ ಉತ್ತರ ಕೊಡುತ್ತಾರೆ: ಬರಿಗಾಲಲ್ಲಿ ಓಡಿ ಒಲಿಂಪಿಕ್ಸ್ ಮ್ಯಾರಥಾನ್ ಗೆದ್ದವರು. ಉತ್ತರ ಸರಿಯೇ. ಆದರೆ ಅಲ್ಲಿಗೇ ಕಥೆ ನಿಲ್ಲಿಸಿಬಿಡುತ್ತಾರೆ. ನನಗೆ ಅವರ ಬದುಕಿನ ಕೊನೆಯ ನಾಲ್ಕೂವರೆ ವರ್ಷಗಳೇ ಹೆಚ್ಚು ಇಷ್ಟ. ಆ ವರ್ಷಗಳಲ್ಲಿ ಅವರು ಒಂದು ಹೆಜ್ಜೆಯೂ ನಡೆಯಲಿಲ್ಲ.

ಇಥಿಯೋಪಿಯಾದಲ್ಲಿ ನಮ್ಮಂತೆ ಮನೆತನದ ಹೆಸರು ಹಿಡಿದು ಕರೆಯುವ ರೂಢಿ ಇಲ್ಲ, ಎಷ್ಟು ದೊಡ್ಡವರಾದರೂ ಮೊದಲ ಹೆಸರೇ. ಆದ್ದರಿಂದ ನಾನೂ ಅವರನ್ನು ಅಬೆಬೆ ಎಂದೇ ಕರೆಯುತ್ತೇನೆ. ಅವರು ಹುಟ್ಟಿದ್ದು 1932ರ ಆಗಸ್ಟ್ 7ರಂದು, ಜಾಟೊ ಎಂಬ ಹಳ್ಳಿಯಲ್ಲಿ. ಅದೇ ದಿನ ಲಾಸ್ ಏಂಜಲೀಸ್‌ನಲ್ಲಿ ಒಲಿಂಪಿಕ್ಸ್ ಮ್ಯಾರಥಾನ್ ನಡೆದಿತ್ತು ಎಂಬುದು ಕೇವಲ ಕಾಕತಾಳೀಯ. ಮೂರು ವರ್ಷದ ಮಗುವಾಗಿದ್ದಾಗ ಮುಸೊಲಿನಿಯ ಇಟಲಿ ಇಥಿಯೋಪಿಯಾದ ಮೇಲೆ ದಂಡೆತ್ತಿ ಬಂತು. ಮನೆಯವರು ಊರು ಬಿಟ್ಟು ಬೇರೆ ಕಡೆ ಹೋಗಬೇಕಾಯಿತು. ಆಮೇಲೆ ಹಳ್ಳಿಯ ಎಲ್ಲ ಹುಡುಗರಂತೆ ಅವರೂ ದನ ಕಾಯುತ್ತ ಬೆಳೆದರು. ಯುವಕನಾದಾಗ ರಾಜಧಾನಿ ಅಡಿಸ್ ಅಬಾಬಾಕ್ಕೆ ಬಂದು ಚಕ್ರವರ್ತಿ ಹೈಲೆ ಸೆಲಾಸಿಯ ಅಂಗರಕ್ಷಕ ಪಡೆಗೆ ಸೇರಿದರು. ಸುಲುಲ್ತಾ ಗುಡ್ಡಗಳಿಂದ ರಾಜಧಾನಿಗೆ ಹೋಗಿ ಬರುವ ಸುಮಾರು 20 ಕಿ.ಮೀ. ದೂರವನ್ನು ದಿನವೂ ಓಡಿಯೇ ಮುಗಿಸುತ್ತಿದ್ದರಂತೆ. ಓನ್ನಿ ನಿಸ್ಕಾನೆನ್ ಎಂಬ ಕೋಚ್ ಅವರ ಕಣ್ಣಿಗೆ ಅಬೆಬೆ ಬಿದ್ದದ್ದು ಈ ಪಡೆಯಲ್ಲಿದ್ದಾಗ. ನಿಸ್ಕಾನೆನ್ ಫಿನ್‌ಲೆಂಡಿನಲ್ಲಿ ಹುಟ್ಟಿ ಸ್ವೀಡನ್ನಿನವರಾದವರು, ಸೈನಿಕರಿಗೆ ವ್ಯಾಯಾಮ ಕಲಿಸಲು ಇಥಿಯೋಪಿಯಾಕ್ಕೆ ಬಂದಿದ್ದರು.

ಇನ್ನು ರೋಮ್. 1960ರ ಸೆಪ್ಟೆಂಬರ್ 10ರ ಸಂಜೆ. ಆ ಸಲ ಮ್ಯಾರಥಾನ್ ಸ್ಟೇಡಿಯಂನಲ್ಲಿ ಶುರುವಾಗಲೂ ಇಲ್ಲ, ಮುಗಿಯಲೂ ಇಲ್ಲ. ಬಿಸಿಲು ಇಳಿದ ಮೇಲೆ ಕ್ಯಾಪಿಟೊಲೈನ್ ಗುಡ್ಡದಿಂದ ಹೊರಟು, ಎರಡು ಸಾವಿರ ವರ್ಷ ಹಳೆಯ ಆಪ್ಪಿಯನ್ ರಸ್ತೆಯ ಮೂಲಕ ಕತ್ತಲಲ್ಲಿ ವಾಪಸ್ ಬಂದು ಕಾನ್‌ಸ್ಟಂಟೈನ್ ಕಮಾನಿನ ಬಳಿ ಮುಗಿಸಬೇಕಿತ್ತು. ಬೆಳಕಿಗೆಂದು ಇಟಲಿಯ ಸೈನಿಕರು ದಾರಿಯುದ್ದಕ್ಕೂ ದೀವಟಿಗೆ ಹಿಡಿದು ನಿಂತಿದ್ದರು.

ಬಡತನದಿಂದಾಗಿ ಅಬೆಬೆ ಬರಿಗಾಲಲ್ಲಿ ಓಡಿದರು ಎಂದು ಅನೇಕರು ಬರೆಯುತ್ತಾರೆ. ನಿಜಸಂಗತಿ ಇಷ್ಟೇ: ರೋಮ್‌ನಲ್ಲಿ ಸಿಕ್ಕ ಹೊಸ ಬೂಟುಗಳು ಅವರ ಕಾಲಿಗೆ ಸರಿಯಾಗಿ ಕೂರಲಿಲ್ಲ. ಬರಿಗಾಲಲ್ಲಿ ಓಡಿ ಅವರಿಗೆ ಮೊದಲೇ ಅಭ್ಯಾಸವಿತ್ತು. ಬೊಬ್ಬೆ ಎಬ್ಬಿಸುವ ಬೂಟಿಗಿಂತ ಪರಿಚಯದ ಅಂಗಾಲೇ ವಾಸಿ ಎಂದು ತೀರ್ಮಾನ ಮಾಡಿದರು. ಅದರಲ್ಲಿ ಹಟವಾಗಲಿ ಪ್ರದರ್ಶನವಾಗಲಿ ನನಗೆ ಕಾಣುವುದಿಲ್ಲ, ಲೆಕ್ಕಾಚಾರ ಕಾಣುತ್ತದೆ.

ಆ ಓಟದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದೆ. ಮೊರೊಕ್ಕೊದ ರಾದಿ ಬೆನ್ ಅಬ್ದೆಸ್ಸಲಾಮ್ ಮೇಲೆ ಕಣ್ಣಿಟ್ಟಿರು, ಅವರ ನಂಬರ್ 26 ಎಂದು ಅಬೆಬೆಗೆ ಮೊದಲೇ ಹೇಳಿದ್ದರಂತೆ. ಆದರೆ ರಾದಿ ಅಂದು ಎದೆಯ ಮೇಲೆ 185 ಅಂಟಿಸಿಕೊಂಡು ಬಂದರು. ಅಬೆಬೆ 26ನೇ ನಂಬರಿನವನು ಎಲ್ಲೋ ಮುಂದಿದ್ದಾನೆ ಎಂದುಕೊಂಡು ಓಡುತ್ತಲೇ ಇದ್ದರು. ಅರ್ಧ ದಾರಿಯಾದ ಮೇಲೆ ಅವರ ಜೊತೆ ಉಳಿದವನು ಪಕ್ಕದಲ್ಲಿದ್ದ 185 ಒಬ್ಬನೇ. ಇಬ್ಬರೂ ಕತ್ತಲಲ್ಲಿ ಭುಜಕ್ಕೆ ಭುಜ ಕೊಟ್ಟು ಕಿಲೋಮೀಟರ್‌ಗಟ್ಟಲೆ ಓಡಿದರು. ಹುಡುಕುತ್ತಿದ್ದ ಎದುರಾಳಿ ಇಡೀ ಹೊತ್ತು ಪಕ್ಕದಲ್ಲೇ ಇದ್ದ!

ಗುರಿಗೆ ಇನ್ನು ಸ್ವಲ್ಪವೇ ದೂರ ಇರುವಲ್ಲಿ ಆಕ್ಸುಮ್ ಸ್ತಂಭ ನಿಂತಿತ್ತು. ಸುಮಾರು 24 ಮೀಟರ್ ಎತ್ತರದ ಪುರಾತನ ಕಲ್ಲಿನ ಸ್ತಂಭ ಅದು, ಇಥಿಯೋಪಿಯಾದ ಆಸ್ತಿ. 1937ರಲ್ಲಿ ಮುಸೊಲಿನಿಯ ಪಡೆ ಅದನ್ನು ಹೊತ್ತೊಯ್ದು ರೋಮ್‌ನಲ್ಲಿ ನೆಟ್ಟಿತ್ತು. ಹಿಂದಿನ ದಿನಗಳಲ್ಲಿ ದಾರಿ ನೋಡಲು ಹೋದಾಗ ಅಬೆಬೆ ಮತ್ತು ಕೋಚ್ ಆ ಜಾಗವನ್ನು ಗುರುತು ಮಾಡಿಕೊಂಡಿದ್ದರು. ಅಲ್ಲಿಂದಲೇ ಅಬೆಬೆ ವೇಗ ಹೆಚ್ಚಿಸಿದರು, ರಾದಿ ಹಿಂದೆ ಉಳಿದರು. 2 ಗಂಟೆ 15 ನಿಮಿಷ 16 ಸೆಕೆಂಡ್. ಅದುವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಬೇಗ ಮ್ಯಾರಥಾನ್ ಮುಗಿಸಿರಲಿಲ್ಲ. ರಾದಿ 25 ಸೆಕೆಂಡ್ ಹಿಂದೆ ಬಂದರು. ಈ ಅಂಕಿ ನಮಗೆ ಅರ್ಥವಾಗುವಂತೆ ಹೇಳುವುದಾದರೆ: 200 ಮೀಟರ್ ಟ್ರ್ಯಾಕ್ ಹಾಕಿದ ಮೈದಾನದಲ್ಲಿ 211 ಸುತ್ತು, ಪ್ರತಿ ಸುತ್ತಿಗೂ ಮೂವತ್ತೆಂಟೂವರೆ ಸೆಕೆಂಡ್. ನಂಬಿಕೆ ಬಾರದಿದ್ದರೆ ಒಂದು ಸುತ್ತು ಆ ವೇಗದಲ್ಲಿ ಓಡಿ ನೋಡಿ, ಉಳಿದ 210 ಸುತ್ತನ್ನು ಆಮೇಲೆ ಯೋಚಿಸಬಹುದು.

ಮುಂದಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. 1961ರಲ್ಲಿ ಅಥೆನ್ಸ್, ಒಸಾಕಾ, ಕೊಶಿತ್ಸೆ, ಮೂರೂ ಕಡೆ ಗೆಲುವು. 1963ರಲ್ಲಿ ಬಾಸ್ಟನ್‌ನಲ್ಲಿ ಚಳಿಗಾಳಿ ಮತ್ತು ಏರುದಾರಿ ಅವರನ್ನು ಹಣ್ಣು ಮಾಡಿದವು, ಐದನೆಯವರಾಗಿ ಬಂದರು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಐದಾರು ವಾರ ಇರುವಾಗ ಅಪೆಂಡಿಕ್ಸ್ ಆಪರೇಷನ್ ಆಯಿತು. ಹೊಟ್ಟೆಗೆ ಹೊಲಿಗೆ ಹಾಕಿಸಿಕೊಂಡವರು 42 ಕಿ.ಮೀ. ಓಡುತ್ತಾರೆಂದು ಹೆಚ್ಚಿನವರು ನಂಬಲಿಲ್ಲ. ಅಕ್ಟೋಬರ್ 21ರಂದು ಅವರು ಈ ಸಲ ಬೂಟು ಹಾಕಿಕೊಂಡು ಓಡಿ, 2 ಗಂಟೆ 12 ನಿಮಿಷ 11 ಸೆಕೆಂಡ್‌ಗಳಲ್ಲಿ ಮುಗಿಸಿದರು. ಎರಡನೆಯವರಾದ ಬ್ರಿಟನ್ನಿನ ಬೇಸಿಲ್ ಹೀಟ್ಲಿ ಬರಲು ಇನ್ನೂ ನಾಲ್ಕು ನಿಮಿಷ ಬೇಕಿತ್ತು. ಅಷ್ಟರೊಳಗೆ ಅಬೆಬೆ ಮೈದಾನದ ಹುಲ್ಲಿನ ಮೇಲೆ ಮಲಗಿ ಕೈಕಾಲು ಎತ್ತಿ ಇಳಿಸಿ ವ್ಯಾಯಾಮ ಮಾಡುತ್ತಿದ್ದರು. ಒಲಿಂಪಿಕ್ಸ್ ಮ್ಯಾರಥಾನನ್ನು ಎರಡು ಸಲ ಗೆದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ.

ಇನ್ನೇನು ಮೂರನೆಯ ಚಿನ್ನವೂ ಅವರದೇ ಎಂದು ಎಲ್ಲರೂ ಅಂದುಕೊಂಡಿದ್ದರು. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರ ಸಮುದ್ರ ಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ತೆಳು ಗಾಳಿಗೆ ಬೇರೆ ದೇಶದವರು ಏದುಸಿರು ಬಿಡುತ್ತಿದ್ದರು, ಅಡಿಸ್ ಅಬಾಬಾದವರಿಗೆ ಅದು ಮನೆಯ ಗಾಳಿಯಂತೆಯೇ. ಆದರೆ ಅಬೆಬೆಯ ಕಾಲಿನ ಮೂಳೆಯಲ್ಲಿ ಆಗಲೇ ಬಿರುಕು ಬಿಟ್ಟಿತ್ತು. ಸುಮಾರು 17 ಕಿ.ಮೀ. ಓಡಿ ದಾರಿಯಿಂದ ಪಕ್ಕಕ್ಕೆ ಸರಿದರು. ಅವರದೇ ತಂಡದ ಮಾಮೊ ವೊಲ್ಡೆ ಮುಂದುವರಿದು ಚಿನ್ನ ಗೆದ್ದರು.

ಪುಸ್ತಕಗಳಲ್ಲಿ ಈ ಭಾಗಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು. ನಾನು ಮಾತ್ರ ಇಲ್ಲೇ ತುಂಬ ಹೊತ್ತು ನಿಂತಿದ್ದೆ, ಏಕೆಂದರೆ ಅದನ್ನು ಓದಿದಾಗ ನನ್ನ ಮೊಳಕಾಲಿನ ಕೆಳಗೂ ಅಂಥದೇ ಒಂದು ಬಿರುಕಿತ್ತು. ಕಳೆದ ವರ್ಷ ತಾಲೂಕು ಮಟ್ಟದ ಕ್ರಾಸ್ ಕಂಟ್ರಿಯಲ್ಲಿ ಆಯ್ಕೆಯಾಗಿ, ಜಿಲ್ಲಾ ಮಟ್ಟಕ್ಕೆ ಹನ್ನೊಂದು ದಿನ ಇರುವಾಗ ಡಾಕ್ಟರ್ ಎಕ್ಸ್‌ರೇ ನೋಡಿ ಎಂಟು ವಾರ ಓಡುವಂತಿಲ್ಲ ಎಂದರು. ಮನೆಯಲ್ಲಿ ಅಮ್ಮನಿಗೆ ಒಳಗೊಳಗೇ ಸಮಾಧಾನ, ಪಿಯು ಪರೀಕ್ಷೆಗಾದರೂ ಓದಬಹುದಲ್ಲ ಎಂದು. ಪಿ.ಟಿ. ಸರ್ ಕೈಗೆ ಸ್ಟಾಪ್‌ವಾಚ್ ಕೊಟ್ಟು, ಓಡಲಾಗದಿದ್ದರೆ ಟೈಮ್ ತೆಗೆ ಎಂದರು. ಸಂಜೆ ಮೈದಾನದ ಅಂಚಿನಲ್ಲಿ ಕೂತು ಜೂನಿಯರ್‌ಗಳ ಟೈಮ್ ತೆಗೆಯುತ್ತಿದ್ದೆ. ಮೊದಲ ವಾರ ಅಳು ಬರುವಂತಾಗುತ್ತಿತ್ತು. ಆಮೇಲೆ ಒಂದೊಂದೇ ಕಾಣತೊಡಗಿತು: ಯಾರು ತಿರುವಿನಲ್ಲಿ ಭುಜ ಬಿಗಿ ಹಿಡಿಯುತ್ತಾರೆ, ಯಾರ ಒಂದು ಹೆಜ್ಜೆಗಿಂತ ಇನ್ನೊಂದು ಜೋರಾಗಿ ಬೀಳುತ್ತದೆ, ದಣಿದಾಗ ಯಾರು ಮೊದಲು ತಲೆ ಎತ್ತುತ್ತಾರೆ. ಓಡುವಾಗ ನನಗೆ ಇವು ಯಾವುವೂ ಕಾಣುತ್ತಿರಲಿಲ್ಲ. ಫಿಸಿಯೋಥೆರಪಿಯಲ್ಲಿ ಒಂಟಿ ಕಾಲಲ್ಲಿ ಮೂವತ್ತು ಸೆಕೆಂಡ್ ನಿಲ್ಲಿಸುತ್ತಿದ್ದರು. ಮೂವತ್ತು ಸೆಕೆಂಡ್ ಎಷ್ಟು ದೀರ್ಘ ಎಂದು ತಿಳಿದದ್ದು ಆಗ. ಮನಸ್ಸು ಮುಂದಿನ ಮೀಟ್ ಕಡೆ ಹೋದರೆ ಸಾಕು, ಕಾಲು ಕೆಳಗೆ ಬರುತ್ತಿತ್ತು.

ಎಂಟು ವಾರದ ನನ್ನ ರಜೆಯನ್ನು ಅಬೆಬೆಗೆ ಆದದ್ದರ ಪಕ್ಕದಲ್ಲಿಟ್ಟು ತೂಗುವುದು ನ್ಯಾಯವಲ್ಲ, ಅದು ಗೊತ್ತು. ನನ್ನ ಬಿರುಕು ಕೂಡಿಕೊಂಡಿತು. ಅವರದು ಮುಂದೆ ಬೇರೆಯೇ ಆಯಿತು.

ಮೆಕ್ಸಿಕೊ ಮುಗಿದು ಐದು ತಿಂಗಳಾಗಿತ್ತು. 1969ರ ಮಾರ್ಚ್ 22ರ ರಾತ್ರಿ ಅಬೆಬೆ ಓಡಿಸುತ್ತಿದ್ದ ಫೋಕ್ಸ್‌ವ್ಯಾಗನ್ ಕಾರು ಉರುಳಿತು. ಮರುದಿನ ಬೆಳಿಗ್ಗೆಯವರೆಗೂ ಅವರು ಅದರೊಳಗೇ ಸಿಕ್ಕಿಕೊಂಡಿದ್ದರು. ಬೆನ್ನುಹುರಿಗೆ ಪೆಟ್ಟು ಬಿದ್ದು, ಮೊದಮೊದಲು ತಲೆ ಹೊರಳಿಸಲೂ ಆಗುತ್ತಿರಲಿಲ್ಲ. ಚಿಕಿತ್ಸೆಗೆಂದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಗೆ ಕರೆದೊಯ್ದರು. ಆಗ ಅವರಿಗೆ 36 ವರ್ಷ.

ಆ ಆಸ್ಪತ್ರೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಬಂದ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಅಲ್ಲಿ ಬೆನ್ನುಹುರಿ ಪೆಟ್ಟಾದವರ ವಿಭಾಗ ಕಟ್ಟಿದ್ದರು. ಅಂಥ ರೋಗಿಗಳನ್ನು ಹಾಸಿಗೆಯಲ್ಲಿ ಮಲಗಿಸಿಬಿಟ್ಟರೆ ಆಯಿತು ಎನ್ನುವ ಕಾಲ ಅದು. ಗುಟ್‌ಮನ್ ಅವರಿಗೆ ಆಟ ಆಡಿಸಿದರು. 1948ರಲ್ಲಿ ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಲಿಕುರ್ಚಿಯಲ್ಲಿದ್ದ ಹದಿನಾರು ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಇಟ್ಟರು. ಬಿಲ್ಲನ್ನು ಎಳೆಯಲು ತೋಳು, ಭುಜ, ಬೆನ್ನು ಸಾಕು, ಕಾಲು ಬೇಕಿಲ್ಲ. ಎಳೆದಷ್ಟೂ ಅವು ಬಲವಾಗುತ್ತವೆ. ಇಂದಿನ ಪ್ಯಾರಾಲಿಂಪಿಕ್ಸ್‌ನ ಬೇರು ಇರುವುದು ಅಲ್ಲಿ.

ಅಬೆಬೆ ಅಲ್ಲಿ ತಿಂಗಳುಗಟ್ಟಲೆ ಇದ್ದರು. ಕತ್ತು ಹೊರಳಿತು, ಆಮೇಲೆ ಕೈಗಳಿಗೆ ಜೀವ ಬಂತು. ಕಾಲಿಗೆ ಬರಲೇ ಇಲ್ಲ. ಗೆಲುವನ್ನು ದೇವರ ಇಚ್ಛೆ ಎಂದು ಒಪ್ಪಿಕೊಂಡ ಹಾಗೆಯೇ ಈ ಅಪಘಾತವನ್ನೂ ಒಪ್ಪಿಕೊಳ್ಳಬೇಕು ಎಂದು ಅವರು ಹೇಳುತ್ತಿದ್ದರಂತೆ. ಒಪ್ಪಿಕೊಂಡು ಸುಮ್ಮನೆ ಕೂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. 1970ರಲ್ಲಿ ಅದೇ ಸ್ಟೋಕ್ ಮ್ಯಾಂಡೆವಿಲ್ ಕ್ರೀಡಾಕೂಟದಲ್ಲಿ ಬಿಲ್ಲು ಹಿಡಿದು ಸ್ಪರ್ಧಿಸಿದರು, ಟೇಬಲ್ ಟೆನ್ನಿಸ್ ಆಡಿದರು. ಅಲ್ಲಿ ಅವರು ಗೆಲ್ಲಲಿಲ್ಲ. ಜಗತ್ತಿನ ಅತಿ ದೊಡ್ಡ ಓಟಗಾರ, ಬಿಲ್ಲುಗಾರಿಕೆಯಲ್ಲಿ ಒಬ್ಬ ಸಾಮಾನ್ಯ ಹೊಸಬನಾಗಿ ಸಾಲಿನಲ್ಲಿ ಕೂತದ್ದನ್ನು ನೆನೆದಾಗ ನನಗೆ ಅವರ ಮೇಲಿನ ಗೌರವ ರೋಮ್‌ನದಕ್ಕಿಂತ ಹೆಚ್ಚುತ್ತದೆ. ನಮ್ಮಲ್ಲಿ ಕ್ಲಾಸಿಗೆ ಫಸ್ಟ್ ಬರುವವರು ಗೊತ್ತಿಲ್ಲದ ಆಟಕ್ಕೆ ಹೆಸರು ಕೊಡಲೂ ಹಿಂಜರಿಯುವುದನ್ನು ನೋಡಿದ್ದೇನೆ.

1971ರ ಏಪ್ರಿಲ್‌ನಲ್ಲಿ ನಾರ್ವೆಯವರು ಅಂಗವಿಕಲರ ಕ್ರೀಡಾಕೂಟಕ್ಕೆ ಅತಿಥಿಯಾಗಿ ಕರೆದರು. ಅತಿಥಿಗಳು ಹಾರ ಹಾಕಿಸಿಕೊಂಡು ಕೂರುವುದು ವಾಡಿಕೆ, ಇವರು ಸ್ಪರ್ಧೆಗೆ ಇಳಿದರು. ಹಿಮದ ಮೇಲಿನ 25 ಕಿ.ಮೀ. ಜಾರುಬಂಡಿ ಸ್ಪರ್ಧೆ. ಅದನ್ನು ಗೆದ್ದೇಬಿಟ್ಟರು.

1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಅವರನ್ನು ಗೌರವ ಅತಿಥಿಯಾಗಿ ಕರೆದಿದ್ದರು. ಗಾಲಿಕುರ್ಚಿಯಲ್ಲಿ ಬಂದಾಗ ಇಡೀ ಸ್ಟೇಡಿಯಂ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮ್ಯಾರಥಾನ್ ಗೆದ್ದ ಅಮೆರಿಕದ ಫ್ರಾಂಕ್ ಶಾರ್ಟರ್ ನೇರ ಅವರ ಬಳಿಗೆ ಹೋಗಿ ಕೈ ಕುಲುಕಿದರು. ಮಾಮೊ ವೊಲ್ಡೆ ಆ ಸಲ ಮೂರನೆಯವರಾಗಿದ್ದರು.

ಮರು ವರ್ಷ, 1973ರ ಅಕ್ಟೋಬರ್ 25ರಂದು, ಮೆದುಳಿನ ರಕ್ತಸ್ರಾವದಿಂದ ಅಬೆಬೆ ತೀರಿಕೊಂಡರು. ವಯಸ್ಸು 41. ಹೆಂಡತಿ, ನಾಲ್ವರು ಮಕ್ಕಳು. ಅಡಿಸ್ ಅಬಾಬಾದಲ್ಲಿ ಅವರ ಅಂತ್ಯಕ್ರಿಯೆಗೆ ಹತ್ತಾರು ಸಾವಿರ ಜನ ಸೇರಿದ್ದರು, ಚಕ್ರವರ್ತಿಯೂ ಬಂದಿದ್ದರು. ಇಂದು ಆ ನಗರದಲ್ಲಿ ಅವರ ಹೆಸರಿನ ಸ್ಟೇಡಿಯಂ ಇದೆ.

2010ರಲ್ಲಿ, ಅಬೆಬೆಯ ಮೊದಲ ಚಿನ್ನಕ್ಕೆ ಐವತ್ತು ವರ್ಷ ತುಂಬಿದಾಗ, ರೋಮ್ ಮ್ಯಾರಥಾನನ್ನು ಗೆದ್ದವರು ಇಥಿಯೋಪಿಯಾದವರೇ ಆದ ಸಿರಾಜ್ ಗೆನಾ. ಗುರಿಗೆ ಕೆಲವೇ ನೂರು ಮೀಟರ್ ಇರುವಾಗ ಅವರು ನಿಂತು, ಎರಡೂ ಬೂಟು ಕಳಚಿಟ್ಟು, ಬರಿಗಾಲಲ್ಲಿ ಓಡಿ ಗೆರೆ ದಾಟಿದರು. ಅಷ್ಟು ಹೊತ್ತಿಗೆ ಆಕ್ಸುಮ್ ಸ್ತಂಭ ರೋಮ್‌ನಲ್ಲಿ ಇರಲಿಲ್ಲ. ಇಟಲಿ ಅದನ್ನು 2005ರಲ್ಲಿ ಹಿಂದಿರುಗಿಸಿತ್ತು, 2008ರಲ್ಲಿ ಅದರ ಊರಿನಲ್ಲಿ ಮತ್ತೆ ನೆಟ್ಟಿದ್ದರು.