ಹಲಗಿ ಸಪ್ಪಳದಾಗ ಬೆಳೆದ ಅಣ್ಣಾಭಾವು

ಆಗಸ್ಟ್ 1 ಬಂತಂದ್ರ ನಮ್ಮ ಓಣ್ಯಾಗ ಅಣ್ಣಾಭಾವು ಸಾಠೆಯವರ ಫೋಟೋಕ್ಕ ಹಾರ ಬೀಳ್ತದ, ಡಿಜೆ ಹಚ್ತಾರ. ನೀವೂ ಕುಣಿದಿರ್ತೀರಿ, ನಾನೂ ಕುಣಿದೀನಿ. ಆದರೆ ಅವರು ಏನು ಮಾಡಿದರು ಅಂತ ಸಣ್ಣ ಹುಡುಗರು ಕೇಳಿದರೆ ನಮ್ಮಲ್ಲಿ ಎಷ್ಟು ಮಂದಿ ಹೇಳ್ತೀವಿ?

ಅವರು ಹುಟ್ಟಿದ್ದು 1920ರಲ್ಲಿ, ಈಗಿನ ಸಾಂಗಲಿ ಜಿಲ್ಲೆಯ ವಾಟೇಗಾಂವದ ಮಾಂಗ ಸಮಾಜದಲ್ಲಿ. ಇಟ್ಟ ಹೆಸರು ತುಕಾರಾಮ. ಸಾಲಿಗೆ ಹೋದದ್ದು ಒಂದೂವರೆ ದಿನ, ಅಷ್ಟೇ. ಮನೆಯವರ ಜೊತೆ ನಡಕೋತ ಮುಂಬೈ ಸೇರಿ, ಸಿಕ್ಕ ಕೂಲಿ ಮಾಡಿ, ಮಿಲ್ಲಿನಲ್ಲಿ ದುಡಿದು, ಅಂಗಡಿ ಬೋರ್ಡು, ಸಿನಿಮಾ ಪೋಸ್ಟರು ನೋಡಿ ಅಕ್ಷರ ಕೂಡಿಸಿಕೊಂಡರು. ಮಾಟುಂಗಾದ ಲೇಬರ್ ಕ್ಯಾಂಪಿನಲ್ಲಿ ಕಮ್ಯುನಿಸ್ಟ್ ಕಾರ್ಯಕರ್ತರ ಸಂಗ ಆಯಿತು.

ಅಕ್ಷರ ಆಮೇಲೆ ಬಂದದ್ದು. ತಾಳ ಮೊದಲೇ ಇತ್ತು. ಹಲಗಿ ಬಾರಿಸೋದು ಊರು ನಮ್ಮ ಮಂದಿ ಮೇಲೆ ಹೊರಿಸಿದ ಚಾಕರಿ ಅಂತ ನಿಮಗೆ ಗೊತ್ತದ. ಜಾತ್ರಿಗೆ, ಹೆಣಕ್ಕ, ಡಂಗುರಕ್ಕ ಹಲಗಿ ಬೇಕು, ಬಾರಿಸುವ ಕೈ ಮಾತ್ರ ಮುಟ್ಟಬಾರದು. ತಮಾಷಾ ಆಡುವವರ ಪಾಡೂ ಅದೇ. ಸಂಬಂಧಿಕರ ತಮಾಷಾ ಮೇಳದಲ್ಲಿ ಪಳಗಿದ ಅಣ್ಣಾಭಾವು, 1944ರಲ್ಲಿ ಅಮರ ಶೇಖ, ಗವ್ಹಾಣಕರ ಅವರ ಜೊತೆ ಲಾಲ್ ಬಾವಟಾ ಕಲಾಪಥಕ ಕಟ್ಟಿದರು. ಅದೇ ಲಾವಣಿ, ಅದೇ ಪೋವಾಡ. ಆದರೆ ಒಳಗಿನ ಮಾತು ಮಿಲ್ ಕಾರ್ಮಿಕರದು, ಸಾಲದಾಗ ಮುಳುಗಿದ ರೈತರದು. ತಮಾಷಾದ ಶುರುವಿನಾಗ ಗಣಪತಿಗೆ ಮಾಡುವ ವಂದನೆಯನ್ನು ಅವರು ನಾಡಿಗೂ ಹುತಾತ್ಮರಿಗೂ ಮಾಡಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಮುಂಬೈ ಸರ್ಕಾರ ತಮಾಷಾಕ್ಕೆ ನಿರ್ಬಂಧ ಹಾಕಿತು. ಇವರು ಅದನ್ನೇ ಲೋಕನಾಟ್ಯ ಅಂತ ಕರೆದು ಆಡಿದರು! ದೂರದ ಕೆರಿಬಿಯನ್ ದ್ವೀಪ ಟ್ರಿನಿಡಾಡಿನಲ್ಲೂ ಹಿಂಗೇ ಆಗಿತ್ತು. 1880ರ ದಶಕದಲ್ಲಿ ಇಂಗ್ಲಿಷರು ಡೋಲು ಬಂದ್ ಮಾಡಿದಾಗ ಗುಲಾಮರ ಮಕ್ಕಳು ಬಿದಿರು ಬಡಿದು ತಾಳ ಹಿಡಿದರು. ಅವರ ಕ್ಯಾಲಿಪ್ಸೊ ಹಾಡೂ ನಮ್ಮ ಪೋವಾಡದಂತೆ ಊರ ಸುದ್ದಿ ಹೇಳುವ ಹಾಡೇ.

ಇನ್ನೊಂದು ಮಾತು, ಸ್ವಲ್ಪ ತೊಡಕಿನದು. ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ಅವರು ಕಟ್ಟಿದ ‘ಮಾಝಿ ಮೈನಾ’ ಲಾವಣಿ ಬೆಳಗಾವಿ, ಕಾರವಾರ ಹೊರಗೆ ಉಳಿದವು ಅಂತ ಅಳ್ತದ. ನಮ್ಮ ಉದಗೀರ, ನಿಲಂಗಾ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಮನೆಯಾಗ ಕನ್ನಡ ಆಡುವ ನಾವು ಆ ಹಾಡಿಗೆ ಹೆಂಗ ತಲೆದೂಗೋದು? ಗಡಿಯ ಮಾತಿಗೆ ನಾನು ತಲೆದೂಗಲ್ಲ. ಆದರೆ ಊರಾಗ ಹೆಂಡತಿಯನ್ನು ಬಿಟ್ಟು ಮುಂಬೈಗೆ ದುಡಿಯಲು ಹೋದವನ ಸಂಕಟ ಅದರಾಗ ಅದ. ಅದು ನಮ್ಮ ಮನಿಮನಿಯ ಸಂಕಟ.

30ಕ್ಕಿಂತ ಹೆಚ್ಚು ಕಾದಂಬರಿ ಬರೆದರು. ಬರಗಾಲದಾಗ ಧಾನ್ಯ ಲೂಟಿ ಮಾಡಿ ಹಸಿದವರಿಗೆ ಹಂಚಿದ ಮಾಂಗ ವೀರನ ಕತೆ ‘ಫಕೀರಾ’ (1959). ಅದನ್ನು ಬಾಬಾಸಾಹೇಬರ ಲೇಖನಿಗೆ ಅರ್ಪಿಸಿದ್ದಾರೆ. ಸಿಕ್ಕರೆ ಮೊದಲು ಅದನ್ನೇ ಓದ್ರಿ. 1961ರಲ್ಲಿ ಅದಕ್ಕೆ ರಾಜ್ಯ ಪ್ರಶಸ್ತಿ ಬಂತು, ಅದೇ ವರ್ಷ ರಷ್ಯಾಕ್ಕೂ ಹೋಗಿ ಬಂದರು.

ರಷ್ಯಾ ನೋಡಿ ಬಂದವರು ಮರಳಿದ್ದು ಘಾಟ್‌ಕೋಪರದ ಚಿರಾಗನಗರ ಝೋಪಡಪಟ್ಟಿಗೆ. ಬಹಳ ವರ್ಷ ಅಲ್ಲೇ ಇದ್ದು ಬರೆದರು. 1969ರ ಜುಲೈ 18ರಂದು ತೀರಿಕೊಂಡಾಗ ಅವರಿಗೆ 49 ತುಂಬಿರಲಿಲ್ಲ. ಸರ್ಕಾರದ ಅಂಚೆ ಚೀಟಿ ಬಂದದ್ದು 2002ರಲ್ಲಿ.