ಗೋಕಾಕದ ಮಣ್ಣು ಓದಿದ ರಾಬರ್ಟ್ ಬ್ರೂಸ್ ಫೂಟ್

ಗೋಕಾಕ ಫಾಲ್ಸ್‌ಗೆ ಟ್ರಿಪ್ ಹೋದವರೆಲ್ಲ 52 ಮೀಟರ್ ಎತ್ತರದಿಂದ ಬೀಳುವ ನೀರನ್ನ ನೋಡ್ತಾರೆ, ಅದು ಬೀಳುವ ಬಂಡೆಯನ್ನ ನೋಡೋರು ಕಮ್ಮಿ. 150 ವರ್ಷಗಳ ಹಿಂದೆ ಒಬ್ಬ ಮನುಷ್ಯ ಆ ಬಂಡೆ, ಅದರ ಮೇಲಿನ ಮಣ್ಣು ಎರಡನ್ನೂ ನೋಡಿದ್ದ.

ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 24ನೇ ವಯಸ್ಸಿಗೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದ. 1863ರ ಮೇ 30ರಂದು ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಜಲ್ಲಿಮಣ್ಣಿನ ಗುಂಡಿಯೊಂದರಲ್ಲಿ ಅವನಿಗೆ ಕಲ್ಲಿನ ಕೈಕೊಡಲಿ ಸಿಕ್ಕಿತು. ಭಾರತದಲ್ಲಿ ಹಳೆ ಶಿಲಾಯುಗದ ಮನುಷ್ಯ ಇದ್ದ ಅನ್ನೋದಕ್ಕೆ ಅದೇ ಮೊದಲ ಸಾಕ್ಷಿ.

ಆಮೇಲೆ ಬಂದಿದ್ದು ನಮ್ಮ ಕಡೆ. ಗೋಕಾಕದ ಹತ್ತಿರ, ಅವನು ಚಿಕ್‌ದೌಲಿ ಅಂತ ಬರೆದ ಊರಿನ ಹಳ್ಳದಲ್ಲಿ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತು. ಈಗ ಅಳಿದುಹೋಗಿರುವ ಆ ಪ್ರಾಣಿಯನ್ನ 1874ರಲ್ಲಿ ಡೆಕ್ಕನ್ ಹೆಸರಿಟ್ಟೇ ವಿವರಿಸಿದ. 1876ರಲ್ಲಿ ಈ ಸೀಮೆಯ ಭೂವಿಜ್ಞಾನದ ದೊಡ್ಡ ವರದಿ ಹೊರಬಂತು.

ಇಲ್ಲಿ ಮಣ್ಣು ಓದೋದು ಯಾಕೆ ಕಷ್ಟ? ಮೂಡಲಗಿ ಕಡೆ ಬಸಾಲ್ಟ್ ಮೇಲಿನ ಎರೆಮಣ್ಣು. ಗೋಕಾಕ, ಹುಕ್ಕೇರಿ ಕಡೆ ಬಸಾಲ್ಟ್ ಜೊತೆಗೆ ಕಲಾದಗಿ ಮರಳುಗಲ್ಲೂ ತಲೆ ಎತ್ತಿದೆ. ಗುಡ್ಡದ ಮಣ್ಣು ಕೆಳಗಿನ ಬಂಡೆ ಕರಗಿ ಆಗಿದ್ದೋ, ಮೇಲಿಂದ ಜಾರಿ ಬಂದಿದ್ದೋ? ಬಣ್ಣ ನೋಡಿ ಹೇಳೋಕಾಗಲ್ಲ.

ಫೂಟ್ ಕಾಲದಲ್ಲಿ ಕಣ್ಣು, ಸುತ್ತಿಗೆ, ಭೂತಗನ್ನಡಿಯೇ ಸಾಧನ. ಈಗ ಲ್ಯಾಬ್‌ನಲ್ಲಿ ಪ್ರತಿ ಪದರದ ಮರಳನ್ನ ಬ್ರೋಮೋಫಾರ್ಮ್‌ನಂಥ ಭಾರದ ದ್ರವದಲ್ಲಿ ಹಾಕ್ತಾರೆ. ಹಗುರ ಕ್ವಾರ್ಟ್ಜ್ ತೇಲುತ್ತೆ, ಜಿರ್ಕಾನ್, ಟೂರ್ಮಲಿನ್, ರೂಟೈಲ್ ಮುಳುಗ್ತವೆ. ಈ ಮೂರೂ ಸುಲಭಕ್ಕೆ ಸವೆಯಲ್ಲ. ಅವುಗಳ ಅನುಪಾತ ಮೇಲಿಂದ ಕೆಳಗೆ ಒಂದೇ ಇದ್ರೆ ಮಣ್ಣು ಒಂದೇ ಮೂಲದ್ದು ಅನ್ನಬಹುದು. ಒಂದು ಪದರದಲ್ಲಿ ದಿಢೀರ್ ಬದಲಾದ್ರೆ, ಅಲ್ಲಿ ಹೊರಗಿನ ಮಣ್ಣು ಬಂದು ಕೂತಿದೆ. ಬಸಾಲ್ಟ್‌ನಲ್ಲಿ ಕ್ವಾರ್ಟ್ಜ್ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಹಾಗಾಗಿ ಬಸಾಲ್ಟ್ ಮೇಲಿನ ಮಣ್ಣಲ್ಲಿ ಕ್ವಾರ್ಟ್ಜ್ ಮರಳು ತುಂಬಿದ್ರೆ, ಅದು ಪಕ್ಕದ ಮರಳುಗಲ್ಲಿಂದ ಬಂದಿರೋ ಸಾಧ್ಯತೆ ಹೆಚ್ಚು.

ಇದು ಬರೀ ಕುತೂಹಲದ ಮಾತಲ್ಲ. ಜಾರಿ ಬಂದ ಪದರ ಮಳೆಗಾಲದಲ್ಲಿ ಮತ್ತೆ ಜಾರಬಹುದು. ಅದರ ಮೇಲೆ ರಸ್ತೆ, ಕಾಲುವೆ ಕಟ್ಟೋರು ನಾವೇ. ಪದರದ ಮೂಲ ತಿಳೀದಿದ್ರೆ ಅದರಲ್ಲಿ ಸಿಕ್ಕ ಮೂಳೆ, ಕೈಕೊಡಲಿಯ ಕಾಲ ಹೇಳೋದೂ ಕಷ್ಟ.

ನಮ್ಮ ಹಳೆ ಶಿಲೆಗಳಿಗೆ ಧಾರವಾಡದ ಹೆಸರು ಕೊಟ್ಟವನೂ ಫೂಟೇ. 1891ರಲ್ಲಿ ನಿವೃತ್ತನಾದ ಮೇಲೂ ಸುಮ್ಮನೆ ಕೂರಲಿಲ್ಲ. ಬರೋಡಾ, ಮೈಸೂರು ಸಂಸ್ಥಾನಗಳಿಗೆ ದುಡಿದ. ಕೂಡಿಟ್ಟ ಕಲ್ಲಿನ ಆಯುಧಗಳು 1904ರಲ್ಲಿ ಮದ್ರಾಸ್ ಮ್ಯೂಸಿಯಂ ಸೇರಿದವು. 1912ರ ಡಿಸೆಂಬರ್ 29ರಂದು ಕಲ್ಕತ್ತಾದಲ್ಲಿ ತೀರಿಕೊಂಡ.

ಮುಂದಿನ ಸಲ ಫಾಲ್ಸ್‌ಗೆ ಹೋದಾಗ ಸೆಲ್ಫಿ ಆದಮೇಲೆ ಒಂದು ಹಿಡಿ ಮಣ್ಣು ಎತ್ತಿ ನೋಡಿ.